ಜಾಕ್ ಕೆಚ್‌ನನ್ನು ಬೈಯುವ ಮೊದಲು

ನಮಸ್ಕಾರ.

ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಮರಣದಂಡನೆ ಜಾರಿ ಮಾಡುತ್ತಿದ್ದ ಜಾಕ್ ಕೆಚ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ನನಗೆ ನಿಜಕ್ಕೂ ಸಂತೋಷ.

ಮೊದಲ ಪುಟದಲ್ಲೇ ಅವನನ್ನು ರಾಕ್ಷಸ, ಕಟುಕ, ಮೃಗ ಅಂತ ಕರೆದುಬಿಟ್ಟಿದ್ದೀರಿ. ತೀರ್ಪು ಮೊದಲೇ ಬಂದರೆ ಓದುಗ ಮುಂದೆ ಯಾಕೆ ಓದಬೇಕು? ಬಾಲ್ಯದ ಎರಡು ಪುಟ ಪೂರ್ತಿ ತೆಗೆಯಿರಿ. ಅದಕ್ಕೆ ದಾಖಲೆಯೇ ಇಲ್ಲ, ಸುಮ್ನೆ ಕಟ್ಟಿದ್ದು ಅಂತ ಗೊತ್ತಾಗುತ್ತದೆ.

ನಿಮ್ಮ ನಿಜವಾದ ಆಸ್ತಿ ಮನ್ಮತ್ ಡ್ಯೂಕ್‌ನ ಸಾವು, ರಾಜನ ವಿರುದ್ಧ ದಂಗೆ ಎದ್ದು ಸೋತವನ ಸಾವು. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ! 1685ರ ಜುಲೈ 15, ಲಂಡನ್ನಿನ ವಧಾಸ್ಥಾನ ಟವರ್ ಹಿಲ್. ಡ್ಯೂಕ್ ಕೆಚ್‌ನ ಕೈಗೆ ಆರು ಗಿನಿ, ಅಂದರೆ ಚಿನ್ನದ ನಾಣ್ಯ, ಕೊಡುತ್ತಾನೆ. ಎರಡು ವರ್ಷದ ಹಿಂದೆ ಕೆಚ್ ತಲೆ ಕಡಿದಿದ್ದ ಲಾರ್ಡ್ ರಸೆಲ್‌ನನ್ನು ನೆನೆದು, ಅವನಿಗೆ ಮಾಡಿದ ಹಾಗೆ ನನಗೆ ಮಾಡಬೇಡ ಅನ್ನುತ್ತಾನೆ. ಕೊಡಲಿಯ ಅಲಗು ಮುಟ್ಟಿ, ಇದು ಚೂಪಿಲ್ಲ ಅನ್ನುತ್ತಾನೆ. ಅವನ ಭಯ ನಿಜವಾಗುತ್ತದೆ. ಏಟು ಬಿದ್ದರೂ ತಲೆ ಬೇರೆಯಾಗುವುದಿಲ್ಲ. ನಡುವೆ ಕೆಚ್ ಕೊಡಲಿಯನ್ನೇ ಎಸೆದುಬಿಡುತ್ತಾನೆ. ಬಲವಂತ ಮಾಡಿದ ಮೇಲೆ ಮತ್ತೆ ಎತ್ತುತ್ತಾನೆ. ಕೊನೆಗೆ ಚಾಕು ಬೇಕಾಗುತ್ತದೆ. ನೀವು ಹತ್ತು ಏಟು ಅಂತ ಬರೆದಿದ್ದೀರಿ. ಐದು ಅನ್ನುವವರಿದ್ದಾರೆ, ಎಂಟು ಅನ್ನುವವರಿದ್ದಾರೆ. ಆ ವ್ಯತ್ಯಾಸವನ್ನೇ ಬರೆಯಿರಿ.

ಕೊಡಲಿ ಎಸೆದ ಆ ಕ್ಷಣದಲ್ಲಿ ನಿಲ್ಲಿ. ರಾಕ್ಷಸನಾದರೆ ಯಾಕೆ ಎಸೆಯುತ್ತಾನೆ? ಅವನ ದಿನನಿತ್ಯದ ಕೆಲಸ ಲಂಡನ್ನಿನ ಗಲ್ಲಿನ ಜಾಗ ಟೈಬರ್ನ್‌ನಲ್ಲಿ ನೇಣು ಹಾಕುವುದು. ಕೊಡಲಿ ದೊಡ್ಡ ಮನೆತನದವರಿಗೆ ಮಾತ್ರ, ಅದೂ ಅಪರೂಪಕ್ಕೆ. ಕೈ ಪಳಗಿರಲಿಲ್ಲ ಅಂತ ನನಗನ್ನಿಸುತ್ತದೆ. 1683ರಲ್ಲಿ ರಸೆಲ್‌ನ ತಲೆ ಕಡಿಯುವ ಕೆಲಸ ಕೆಟ್ಟು ಹೋದಾಗ ಕೆಚ್ ಹೆಸರಿನಲ್ಲಿ ಒಂದು ಕಿರುಹೊತ್ತಿಗೆ ಬಂತು. ರಸೆಲ್ ಸರಿಯಾಗಿ ತಲೆ ಇಡಲಿಲ್ಲ, ಗುರಿ ನೋಡುವಾಗ ಅಡ್ಡಿಯಾಯಿತು ಅಂತ ಅದರಲ್ಲಿ ಸಮಜಾಯಿಷಿ ಇದೆ. ಹೆಸರು ಉಳಿಸಿಕೊಳ್ಳುವ ಚಿಂತೆ ಅವನಿಗೂ ಇತ್ತು ಅಲ್ವಾ? ನೀವು ಅದನ್ನು ಮುಟ್ಟಿಯೇ ಇಲ್ಲ. ನನಗೆ ಜಾಸ್ತಿ ಬೇಸರವಾಗಿದ್ದು ಅಲ್ಲೇ.

1686ರ ಭಾಗ ಚೆನ್ನಾಗಿದೆ, ಇರಲಿ. ಮರಣದಂಡನೆಯ ಉಸ್ತುವಾರಿ ಹೊತ್ತ ಅಧಿಕಾರಿ ಶೆರೀಫ್‌ಗೆ ಅವಮಾನ ಮಾಡಿ ಕೆಚ್ ಕೆಲಸ ಕಳೆದುಕೊಂಡ. ಆ ಜಾಗಕ್ಕೆ ಬಂದ ಪಾಷಾ ರೋಸ್ ಕೆಲವೇ ತಿಂಗಳಲ್ಲಿ ತಾನೇ ಟೈಬರ್ನ್‌ನಲ್ಲಿ ನೇಣಿಗೇರಿದ. ಕೆಚ್ ಮರಳಿ ಬಂದು, ಅದೇ ವರ್ಷ ಸತ್ತ.

ಹೆಸರು ಮಾತ್ರ ಸಾಯಲಿಲ್ಲ. ಮುಂದೆ ಇಂಗ್ಲೆಂಡಿನಲ್ಲಿ ನೇಣು ಹಾಕುವವರೆಲ್ಲ ಜಾಕ್ ಕೆಚ್ ಆದರು. ಅಲ್ಲಿನ ಜನಪ್ರಿಯ ಪಂಚ್ ಗೊಂಬೆಯಾಟದಲ್ಲಿ ನಾಯಕ ಪಂಚ್ ಕೆಚ್‌ನನ್ನು ಅವನದೇ ಕುಣಿಕೆಗೆ ಸಿಕ್ಕಿಸಿದ, ಮಕ್ಕಳು ನಕ್ಕರು. ಇದಕ್ಕೆ ನೀವು ಕೊಟ್ಟಿರುವುದು ನಾಲ್ಕು ಸಾಲು. ಒಂದು ಪುಟವಾದರೂ ಕೊಡಿ.

ಟವರ್ ಹಿಲ್‌ನಿಂದ ಶುರು ಮಾಡಿ ಇನ್ನೊಮ್ಮೆ ಬರೆಯಿರಿ. ಕಾಯುತ್ತಿರುತ್ತೇನೆ.