ಕುದಿಸಿದರೆ ಫ್ಲೋರೈಡ್ ಹೋಗುತ್ತಾ? ನೀರಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ 9 ವರ್ಷ. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಶಾಲೆಗೆ ಬಂದಿದ್ದ ಡಾಕ್ಟರು ನೀರಿನ ದೋಷ ಅಂದರು. ನಾವು ಬೋರ್‌ವೆಲ್ ನೀರನ್ನು ಕುದಿಸಿ, ಸೋಸಿಯೇ ಕುಡಿಯೋದು. ಬೇಳೆ ಕೂಡ ಬೇಗ ಬೇಯುತ್ತೆ. ಮತ್ತೆ ನೀರು ಹೇಗೆ ಕೆಟ್ಟದ್ದು? ಮಗಳಿಗೆ 3 ವರ್ಷ, ಅವಳಿಗೂ ಹೀಗೇ ಆಗುತ್ತಾ?

ಉತ್ತರ: ಕುದಿಸುವುದನ್ನು ಇವತ್ತೇ ನಿಲ್ಲಿಸಿ ಅಂತ ಹೇಳಲ್ಲ, ರೋಗಾಣು ಸಾಯುವುದು ಅದರಿಂದಲೇ. ಆದರೆ ಡಾಕ್ಟರು ಹೇಳಿದ ನೀರಿನ ದೋಷ ಬಹುಶಃ ಫ್ಲೋರೈಡ್, ನೀರಿನಲ್ಲಿ ಅದು ಅತಿಯಾದರೆ ಬೆಳೆಯುವ ಹಲ್ಲಿಗೆ ಇಂಥ ಗೆರೆ ಬರುತ್ತೆ. ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾಗುತ್ತೆ, ಫ್ಲೋರೈಡ್ ಅಷ್ಟೇ ಉಳಿಯುತ್ತೆ. ಅಂದರೆ ಜಾಸ್ತಿ ಹೊತ್ತು ಕುದಿಸಿದಷ್ಟೂ ಲೀಟರಿಗೆ ಅದರ ಪ್ರಮಾಣ ಏರುತ್ತೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ, ಕ್ಯಾಂಡಲ್ ಫಿಲ್ಟರ್ ಹಾಕಿದರೂ ಅಷ್ಟೇ.

ಬೇಳೆ ವಿಷಯ ಬರೆದಿದ್ದು ಒಳ್ಳೇದಾಯ್ತು, ತುಂಬಾ ಜನ ಇದರಲ್ಲೇ ಮೋಸ ಹೋಗುತ್ತಾರೆ. ಬೇಳೆ ಬೇಯದಿರುವುದು, ಸೋಪು ನೊರೆ ಬರದಿರುವುದು, ಪಾತ್ರೆ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದು, ಇವೆಲ್ಲ ಗಡಸು ನೀರಿನ ಗುರುತು. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಸುಣ್ಣದ ಅಂಶ ಕಮ್ಮಿ ಇರುವ ನೀರಿನಲ್ಲೇ ಅದು ಹೆಚ್ಚು ಕರಗಿರುವುದೂ ಉಂಟು. ಫಿಲ್ಟರ್ ಮಾರಲು ಬಂದವನು ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ತೋರಿಸುವ ಮೀಟರ್) ಅದ್ದಿ ತೋರಿಸುತ್ತಾನಲ್ಲ, ಅದರಲ್ಲೂ ಫ್ಲೋರೈಡ್ ಗೊತ್ತಾಗಲ್ಲ. ನಮ್ಮ ಕಡೆ ಕೆಳಗೆ ಇರುವುದೆಲ್ಲ ಗ್ರಾನೈಟ್ ಥರದ ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಇಳಿಯುತ್ತೆ. ಬೋರ್ ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಇಂಥ ಹಳೇ ನೀರೇ ಸಿಗೋದು.

ಹಾಗಾಗಿ ಮೊದಲು ಪರೀಕ್ಷೆ ಮಾಡಿಸಿ. ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಇದೆಯಾ ಕೇಳಿ. ಇಲ್ಲದಿದ್ದರೆ ಒಂದು ಲೀಟರ್ ನೀರನ್ನು ಚೊಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕೊಡಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲ ಅನ್ನುವ ಕಡೆ ಭಾರತೀಯ ಮಾನಕ 1.5ರವರೆಗೆ ಒಪ್ಪುತ್ತದೆ, ಅದರ ಮೇಲೆ ಬೇಡ.

ಮಗನ ಹಲ್ಲಿನ ಗೆರೆ ಉಜ್ಜಿದರೆ ಹೋಗಲ್ಲ, ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಆದದ್ದು ಅದು. ಪಾಪ, ಅವನನ್ನು ಬೈಯಬೇಡಿ. ಮುಂದೆ ಬೇಕಿದ್ದರೆ ದಂತವೈದ್ಯರು ಅದನ್ನು ಮರೆಮಾಡಿ ಕೊಡಬಹುದು. ಮಗಳ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಸುಮಾರು 8 ವರ್ಷದೊಳಗೆ ಕುಡಿದ ನೀರೇ ಇದನ್ನೆಲ್ಲ ತೀರ್ಮಾನ ಮಾಡೋದು, ಅವಳಿಗೆ ಇನ್ನೂ ಸಮಯವಿದೆ.

ಸದ್ಯಕ್ಕೆ ಊರಿನ ಶುದ್ಧ ನೀರಿನ ಘಟಕದ ನೀರು ತನ್ನಿ, ಆರ್‌ಒ ಯಂತ್ರ ನೀರನ್ನು ಮೆಂಬ್ರೇನ್ ಅನ್ನುವ ತೆಳು ಪೊರೆಯಲ್ಲಿ ಒತ್ತಿ ಸೋಸಿ ಫ್ಲೋರೈಡನ್ನು ತೆಗೆಯುತ್ತದೆ, ಆ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸುತ್ತಿದ್ದರೆ. ಕೊನೆಗೆ ಯಾವಾಗ ಬದಲಾಯಿಸಿದರು ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ. ಕುಡಿಯೋಕೆ ಮಾತ್ರ ಆ ನೀರು, ಅಡುಗೆಗೆ ಬೋರ್ ನೀರು ಅಂತ ಮಾಡಬೇಡಿ. ಮುದ್ದೆ, ಅನ್ನ, ಸಾರು ಎಲ್ಲ ನೀರನ್ನೇ ಹೀರಿಕೊಂಡು ಹೊಟ್ಟೆಗೆ ಹೋಗೋದು ಅಲ್ವಾ. ಆರ್‌ಒ ನೀರು ಕುಡಿದರೆ ಮೂಳೆ ಸವೆಯುತ್ತೆ ಅಂತ ಯಾರಾದರೂ ಹೆದರಿಸಿದರೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ ಅಂತ ಹೇಳಿ. ರಾಗಿ, ಹಾಲು, ಸೊಪ್ಪು ತಿನ್ನುವ ಮಗುವಿನ ದೇಹ ಫ್ಲೋರೈಡನ್ನು ಹೀರುವುದೂ ಕಮ್ಮಿ.

ಆದರೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ನಿಮ್ಮ ತಾರಸಿಯ ಮೇಲೇ ಇದೆ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಮ್ಮಿ. 600 ಚದರ ಅಡಿ ತಾರಸಿ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 55 ಲೀಟರ್. ನಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಸೋರಿದ್ದು, ಆರಿದ್ದು ಎಲ್ಲ ಕಳೆದರೂ 30,000 ಲೀಟರ್ ಆಯ್ತು. ನಾಲ್ಕು ಜನಕ್ಕೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೂ ವರ್ಷಕ್ಕೆ 9,125 ಲೀಟರ್ ಸಾಕು. ಮಳೆಯಿಲ್ಲದ ತಿಂಗಳು ದಾಟೋಕೆ 5,000 ಲೀಟರಿನ ಮುಚ್ಚಿದ ಸಂಪ್ ಇದ್ದರೆ ನಡೆಯುತ್ತೆ. ಮೊದಲ ಮಳೆಯ ನೀರನ್ನು ಆಚೆ ಬಿಡಿ, ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರ ಜೊತೆ ಹೋಗಲಿ. ಆಮೇಲೆ ಜಲ್ಲಿ, ಇದ್ದಿಲು, ಮರಳಿನ ಫಿಲ್ಟರ್ ಮೂಲಕ ಸಂಪಿಗೆ ಬಿಡಿ. ಬೆಳಕು, ಸೊಳ್ಳೆ ಎರಡೂ ಒಳಗೆ ಹೋಗಬಾರದು. ಈ ನೀರನ್ನು ಕುದಿಸಿ ಕುಡಿಯಿರಿ, ಇಲ್ಲಿ ನಿಮ್ಮ ಅಭ್ಯಾಸ ಕೆಲಸಕ್ಕೆ ಬರುತ್ತೆ.

ಪ್ರಶ್ನೆ: ಕೋಲಾರದ ಪಕ್ಕದ ಊರು ನಮ್ಮದು. ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗೆ ಬಂದ ಮೇಲೆ ಬತ್ತಿದ್ದ ಬೋರ್‌ನಲ್ಲಿ ನೀರು ಬಂತು. ಬೆಳೆ ಚೆನ್ನಾಗಿದೆ. ಈ ಬೋರ್ ನೀರು ಕುಡಿಯಬಹುದಾ?

ಉತ್ತರ: ಪರೀಕ್ಷೆ ಮಾಡಿಸದೆ ಬೇಡ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ನಿಮ್ಮ ಕೆರೆಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕಳಿಸಿದ್ದು. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಅದರ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಏರಿಸುವುದು, ಕುಡಿಸುವುದಲ್ಲ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದು ಸ್ವಲ್ಪ ದಿನಕ್ಕೇ ನೊರೆ ಎದ್ದು, ವಿಷಯ ಕೋರ್ಟಿಗೆ ಹೋಗಿದ್ದು ನಿಮಗೆ ನೆನಪಿರಬೇಕು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯ ಜನ ಅಂದಿನಿಂದ ಕೇಳುತ್ತಲೇ ಇದ್ದಾರೆ, ಅದು ನ್ಯಾಯವಾದ ಬೇಡಿಕೆ ಅಂತ ನನಗೂ ಅನಿಸುತ್ತೆ. ನೀರು ಬಂದಿದ್ದರಿಂದ ರೈತರಿಗೆ ಆದ ಅನುಕೂಲವನ್ನು ಅಲ್ಲಗಳೆಯುವ ಮಾತಲ್ಲ ಇದು.

ಮಣ್ಣು ಸೋಸುತ್ತೆ ಅಂತ ನಂಬಿ ಕೂರಬೇಡಿ. ಮಣ್ಣಿನ ಪದರ ತೆಳ್ಳಗಿದ್ದು ಕೆಳಗೆ ಬಿರುಕು ಬಂಡೆ ಇರುವ ಕಡೆ ನೀರು ಸರಿಯಾಗಿ ಸೋಸದೆಯೇ ಇಳಿಯಬಹುದು, ಕೊಳಚೆ, ಗೊಬ್ಬರದಿಂದ ಬರುವ ನೈಟ್ರೇಟ್ ಅಂತೂ ಮಣ್ಣಿಗೆ ಅಂಟುವುದೇ ಇಲ್ಲ. ಲ್ಯಾಬಿನಲ್ಲಿ ನೈಟ್ರೇಟ್, ರೋಗಾಣು, ಸೀಸದಂಥ ಭಾರ ಲೋಹ ಮೂರನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಆ ನೀರಲ್ಲಿ ಕೂಸಿಗೆ ಹಾಲಿನ ಪುಡಿ ಕಲಸಲೇಬಾರದು, ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಂದುತ್ತೆ. ರೋಗಾಣು ಪರೀಕ್ಷೆಗೆ ಬಾಟಲಿಯನ್ನು ಲ್ಯಾಬಿನವರೇ ಕೊಡುತ್ತಾರೆ, ಮನೆಯದು ನಡೆಯಲ್ಲ.

ಪ್ರಶ್ನೆ: ಪಾವಗಡ ತಾಲ್ಲೂಕಿನಿಂದ. ನಮ್ಮೂರ ನೀರಿನ ಘಟಕದ ವೇಸ್ಟ್ ನೀರು ಸುಮ್ನೆ ಚರಂಡಿಗೆ ಹರಿಯುತ್ತೆ. ದನಗಳಿಗೆ ತೊಟ್ಟಿ ಕಟ್ಟಿಸೋಣ ಅಂತ ಹುಡುಗರು ಹೊರಟಿದ್ದಾರೆ. ಸರೀನಾ?

ಉತ್ತರ: ಬೇಡ ಅನ್ನಿ. ತೆಗೆದ ಫ್ಲೋರೈಡ್, ಉಪ್ಪು ಎಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ. ದನಗಳ ಹಲ್ಲು, ಕೀಲು ಕೂಡ ಫ್ಲೋರೈಡ್‌ನಿಂದ ಹಾಳಾಗುತ್ತವೆ. ಇಂಗುಗುಂಡಿಗೂ ಬಿಡಬೇಡಿ, ತಿರುಗಿ ನಿಮ್ಮ ಬೋರಿಗೇ ಇಳಿಯುತ್ತೆ. ಕಾಂಕ್ರೀಟ್ ಕಲಸೋಕೂ ಬೇಡ, ಕಂಬಿ ತುಕ್ಕು ಹಿಡಿದೀತು. ಡ್ರಮ್ಮಿಗೆ ಹಿಡಿದು ಶಾಲೆಯ ಶೌಚಾಲಯಕ್ಕೆ, ನೆಲ ತೊಳೆಯೋಕೆ, ಟ್ರ್ಯಾಕ್ಟರ್ ತೊಳೆಯೋಕೆ ಬಳಸಬಹುದು. ಹುಡುಗರಿಗೆ ತೊಟ್ಟಿ ಕಟ್ಟುವ ಉಮೇದು ಇದ್ದರೆ ಶಾಲೆಯ ತಾರಸಿ ನೀರಿಗೆ ಕಟ್ಟಲಿ, ದನಗಳಿಗೂ ಅದೇ ಆಗುತ್ತೆ.