ನಾಲ್ಕು ಇ1 ಲೈನ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬೈಟ್?

ಹಳೇ ದಾಖಲೆಯಲ್ಲಿ ‘ನಾಲ್ಕು ಇ1’ (ಇ1 ಅಂದರೆ ಫೋನ್ ಮಾತು, ಡೇಟಾ ಸಾಗಿಸುವ ಒಂದು ಬಗೆಯ ಡಿಜಿಟಲ್ ಟೆಲಿಕಾಂ ಲೈನ್) ಅಂತ ಇದೆ, ಈಗಿನ ಲೆಕ್ಕದಲ್ಲಿ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಅಂತ ಕೇಳಿದ್ದೀರಿ. ಹೆಚ್ಚುಕಮ್ಮಿ ಒಂದು.

ಈ ಲೆಕ್ಕ ಹುಟ್ಟಿದ್ದೇ ಫೋನ್ ಮಾತಿನಿಂದ. ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಸಲವೂ 8 ಬಿಟ್‌ನಲ್ಲಿ ಬರೆದರೆ 64 ಕಿಲೋಬಿಟ್ ಆಗುತ್ತದೆ. ಒಂದು ಇ1ನಲ್ಲಿ ಇಂಥ 32 ಸ್ಲಾಟ್ (ಪಾಲು) ಇರುತ್ತವೆ, ಅಂದರೆ 2048 ಕಿಲೋಬಿಟ್. ಜಾಸ್ತಿ ಜನ ಎಡವುವುದು ಇಲ್ಲೇ. 2048 ಕಂಡ ಕೂಡಲೇ 1024ರಿಂದ ಭಾಗಿಸಿ 2 ಮೆಗಾಬಿಟ್ ಅಂದುಬಿಡುತ್ತಾರೆ. ಟೆಲಿಕಾಂ ವೇಗದ ಲೆಕ್ಕದಲ್ಲಿ ಕಿಲೋ ಅಂದರೆ 1000. ಹಾಗಾಗಿ ಅದು 2.048 ಮೆಗಾಬಿಟ್.

ನಾಲ್ಕು ಲೈನಿಗೆ 8.192 ಮೆಗಾಬಿಟ್. 8ರಿಂದ ಭಾಗಿಸಿದರೆ 1.024 ಮೆಗಾಬೈಟ್. ಆದರೆ ಸಾಮಾನ್ಯವಾಗಿ ಪ್ರತಿ ಲೈನಿನ ಮೊದಲ ಸ್ಲಾಟ್ ಫ್ರೇಮ್ ಹೊಂದಿಸುವುದಕ್ಕೇ, ಅಂದರೆ ಸ್ಲಾಟ್‌ಗಳ ಸಾಲು ಎಲ್ಲಿ ಶುರು ಅಂತ ಗುರುತಿಸುವುದಕ್ಕೇ ಹೋಗುತ್ತದೆ. ಉಳಿದ 31 ಪೂರ್ತಿ ಡೇಟಾಗೆ ಸಿಕ್ಕರೂ 0.992 ಅಷ್ಟೇ. 1000 ಮೆಗಾಬೈಟ್ ಫೈಲ್ ಕಳಿಸಲು ಸುಮಾರು 17 ನಿಮಿಷ ಬೇಕು. ಪ್ಯಾಕೆಟ್ ಹೆಡರ್ (ಡೇಟಾದ ಪ್ರತಿ ತುಣುಕಿನ ಜೊತೆ ಹೋಗುವ ವಿಳಾಸದಂಥ ಮಾಹಿತಿ) ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ.

ಅದೇ ದಾಖಲೆಯಲ್ಲಿ ಎಲ್ಲಾದರೂ ಟಿ1 (ಇಂಥದೇ ಇನ್ನೊಂದು ಬಗೆಯ ಲೈನ್) ಅಂತ ಕಂಡರೆ ಈ ಲೆಕ್ಕ ಹಾಕಬೇಡಿ. ಅದರಲ್ಲಿ 24 ಸ್ಲಾಟ್, ಜೊತೆಗೆ ಫ್ರೇಮಿಂಗ್‌ಗೆ 8 ಕಿಲೋಬಿಟ್. ಒಟ್ಟು 1.544 ಮೆಗಾಬಿಟ್.