ಶುಕ್ರವಾರದ ಸೂಜಿ

ತಂಗಿ, ನಿಮ್ಮ ನಾಲ್ಕು ಪುಟದ ಪತ್ರ ಮಡಚಿಟ್ಟರೂ ಮೂರನೇ ಪುಟದ ಒಂದು ಸಾಲು ಮನಸ್ಸಿನಿಂದ ಹೋಗುತ್ತಿಲ್ಲ.

ಯಜಮಾನರ ಎರಡೂ ಕಿಡ್ನಿ ಕೈಕೊಟ್ಟು 14 ತಿಂಗಳಾಗಿದೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಅತ್ತೆ ಊರಮ್ಮನಿಗೆ 48 ದಿನದ ಹರಕೆ ಹೊತ್ತಿದ್ದಾರೆ. ನಿಮಗೋ ದೀಪ ಹಚ್ಚುವಾಗಲೇ ಸಿಟ್ಟು ಉಕ್ಕುತ್ತದೆ, 'ಎಲ್ಲಾ ನಿನ್ನಿಚ್ಛೆ' ಎನ್ನಲು ನಾಲಿಗೆ ಹೊರಳುವುದಿಲ್ಲ. ಇದು ಪಾಪವೇ ಎಂದು ಕೇಳಿದ್ದೀರಿ. ನಡುವೆ ಹೀಗೂ ಬರೆದಿದ್ದೀರಿ: 'ಶುಕ್ರವಾರ ಅಮ್ಮನ ದಿನ, ಸೂಜಿ ಚುಚ್ಚಬಾರದು ಅಂತ ಭಾವ ಹೇಳಿದರು. ಎರಡು ಶುಕ್ರವಾರ ಬಿಟ್ಟಿದ್ದೇವೆ. ಪ್ರಸಾದದ ಎಳನೀರು, ಬಾಳೆಹಣ್ಣು ಮಾತ್ರ ತಪ್ಪದೆ ಕೊಡುತ್ತಿದ್ದೇನೆ.'

ನಾನು ಉತ್ತರಿಸಬೇಕಾದದ್ದು ಈ ಸಾಲಿಗೆ. ಶುಕ್ರವಾರ ಬಿಟ್ಟರೆ ಬುಧವಾರದಿಂದ ಸೋಮವಾರಕ್ಕೆ ಐದು ದಿನ. ಎಂದಿನ ಶನಿವಾರ–ಭಾನುವಾರದ ಬಿಡುವಿನ ಕೊನೆಯಲ್ಲೇ ಡಯಾಲಿಸಿಸ್ ರೋಗಿಗಳಲ್ಲಿ ಹಠಾತ್ ಸಾವು ಹೆಚ್ಚು. ಅಷ್ಟು ದಿನ ನೀರು, ಪೊಟ್ಯಾಶಿಯಂ ಎರಡೂ ಮೈಯಲ್ಲೇ ನಿಲ್ಲುತ್ತವೆ. ನೀರು ಶ್ವಾಸಕೋಶಕ್ಕೆ ಏರಿದರೆ ಮಲಗಿದಾಗ ಉಸಿರು ಕಟ್ಟುತ್ತದೆ. ಪೊಟ್ಯಾಶಿಯಂ ಏರಿದರೆ ಕೈಕಾಲು ಸೋಲಬಹುದು, ನಾಡಿ ನಿಧಾನವಾಗಬಹುದು, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯ ನಿಂತುಬಿಡುತ್ತದೆ. ಎಳನೀರು, ಬಾಳೆಹಣ್ಣು ಎರಡರಲ್ಲೂ ಪೊಟ್ಯಾಶಿಯಂ ತುಂಬಿದೆ. ಅಮ್ಮನಿಗೆ ಎಳನೀರಿನ ಅಭಿಷೇಕ ಧಾರಾಳವಾಗಿ ಮಾಡಿಸಿ, ಪ್ರಸಾದವನ್ನು ಮಕ್ಕಳಿಗೆ ಹಂಚಿ. ಯಜಮಾನರಿಗೆ ಕುಂಕುಮ, ಹೂವು, ಒಂದು ಉದ್ಧರಣೆ ತೀರ್ಥ ಸಾಕು. ಆ ತೀರ್ಥವೂ ದಿನದ ನೀರಿನ ಲೆಕ್ಕಕ್ಕೆ ಸೇರಲಿ.

ಅತ್ತೆಯ ಮೇಲೆ ನನಗೆ ಕೋಪವಿಲ್ಲ. ಮಗ ಕಣ್ಣೆದುರೇ ಸೊರಗುವಾಗ ತಾಯಿ ಇನ್ನೇನು ಹೊತ್ತಾರು? ಆದರೆ ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಶಾಸ್ತ್ರ ಹೇಳಿ ಹೋಗುವ ಭಾವನನ್ನು ಕ್ಷಮಿಸಲಾರೆ. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ: ಹರಕೆ ಹೊತ್ತವರು ತಮ್ಮ ಮೈಯಲ್ಲಿ ತೀರಿಸಬೇಕು, ರೋಗಿಯ ಮೈಯಲ್ಲಿ ತೀರಿಸುವುದು ಭಕ್ತಿಯಲ್ಲ. ಉಪವಾಸ ಭಾವ ಮಾಡಲಿ, ಮುಡಿಯನ್ನೂ ಅವರೇ ಕೊಡಲಿ.

ಇನ್ನು ನಿಮ್ಮ ಸಿಟ್ಟು. ಶ್ರೀವೈಷ್ಣವರು ಶರಣಾಗತಿಗೆ ಆರು ಅಂಗಗಳನ್ನು ಎಣಿಸುತ್ತಾರೆ. ದೇವರಿಗೆ ಒಪ್ಪುವುದನ್ನೇ ಮಾಡುವ ಸಂಕಲ್ಪ, ಒಪ್ಪದ್ದನ್ನು ಬಿಡುವುದು, ಕಾಯುತ್ತಾನೆಂಬ ನಂಬಿಕೆ, ಕಾಪಾಡೆಂದು ಬಾಯಿಬಿಟ್ಟು ಕೇಳುವುದು, ತನ್ನನ್ನು ಒಪ್ಪಿಸುವುದು, ಮತ್ತೆ ಕಾರ್ಪಣ್ಯ, ಅಂದರೆ 'ನನ್ನ ಕೈಲಾಗದು' ಎಂಬ ದೈನ್ಯ. ದೀಪದ ಮುಂದೆ ನಿಮಗೆ ಉಕ್ಕುವುದು ಇದೇ ದೈನ್ಯ, ಸಿಟ್ಟಿನ ವೇಷದಲ್ಲಿ ಬಂದಿದೆ. ನುಂಗಬೇಡಿ. 'ಅಮ್ಮಾ, ನನ್ನ ಕೈಲಾಗ್ತಿಲ್ಲ, ನಿನ್ನ ಮೇಲೆ ಸಿಟ್ಟೂ ಬಂದಿದೆ' ಎಂದು ಗಟ್ಟಿಯಾಗಿ ಹೇಳಿ. ನಂಬಿಕೆ ಇಲ್ಲದವರು ಯಾರ ಮೇಲೆ ಸಿಟ್ಟಾಗುತ್ತಾರೆ? ಗೀತೆಯ 18ನೇ ಅಧ್ಯಾಯದ 66ನೇ ಶ್ಲೋಕದಲ್ಲಿ ಕೃಷ್ಣ ಶರಣಾಗು ಎನ್ನುತ್ತಾನೆ. 73ನೆಯದರಲ್ಲಿ ಅರ್ಜುನ ನೀನು ಹೇಳಿದಂತೆ ಮಾಡುತ್ತೇನೆ ಎನ್ನುತ್ತಾನೆ. ಶರಣಾದ ಮೇಲೆಯೇ ಅವನಿಗೆ ಯುದ್ಧ ಶುರುವಾದದ್ದು.

ನೀವು ಮಾಡಬೇಕಾದದ್ದು ಒಂದೇ. ಈ ಪತ್ರ ಓದಿದ ಕೂಡಲೇ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿ, ಎರಡು ಶುಕ್ರವಾರ ತಪ್ಪಿದ್ದನ್ನು ಮುಚ್ಚಿಡದೆ ಹೇಳಿ, ಅವರು ಬಾ ಎಂದಾಗ ಹೊರಡಿ. ಉಸಿರು ಕಟ್ಟಿದರೆ, ಕೈಕಾಲು ಸೋತರೆ ಫೋನಿಗೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಶುಕ್ರವಾರ ಬೇಡವೇ ಬೇಡ ಎಂದು ಅತ್ತೆ ಹಟ ಹಿಡಿದರೆ ಮಂಗಳವಾರ, ಗುರುವಾರ, ಶನಿವಾರದ ಸರದಿ ಕೇಳಿ. ಬಹಳ ಕೇಂದ್ರಗಳಲ್ಲಿ ಎರಡೂ ಸರದಿ ಇರುತ್ತವೆ. ಅದು ಸಿಗುವವರೆಗೆ ಶುಕ್ರವಾರವೂ ಹೋಗಲೇಬೇಕು. ಅತ್ತೆಯನ್ನೂ ಕರೆದುಕೊಂಡು ಹೋಗಿ. ಒಳಗೆ ಮಗನ ರಕ್ತ ಶುದ್ಧವಾಗುವ ಆ ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತು ಅಮ್ಮನ ಜಪ ಮಾಡಲಿ.